ಅನಾಹಿತಾಗೆ ಹೆಸರಿಟ್ಟ ಅತ್ತಿ

ಕಾಲಿಂಗ್ ಕಾರ್ಡು ಕೆರೆದು, ಉದ್ದನೆಯ ನಂಬರು ಒತ್ತಿ ಧಾರವಾಡಕ್ಕೆ ಫೋನ್ ಮಾಡುತ್ತಿದ್ದ ದಿನಗಳವು. ಲಂಡನ್ನಿನ ಫೆಲ್ಥಮ್ಮಿನ ನಮ್ಮ ಫ್ಲ್ಯಾಟಿಗೆ ಆ ಬೇಸಿಗೆಯಲ್ಲಿ ತಂಗಿ ಹುಟ್ಟಿ ಬಂದಳು. ನನಗಾಗ ಎಂಟು ವರ್ಷ. ಬಾಣಂತನಕ್ಕೆ ಬಂದಿದ್ದ ಅಜ್ಜಿ ಅಂಟಿನುಂಡಿ ಕಟ್ಟಿದರೆ ಲಿಫ್ಟಿನವರೆಗೂ ತುಪ್ಪದ ಘಮ.

ಅಜ್ಜಿಗೆ ಒಂದೇ ಚಿಂತೆ. ಹೆಸರಿಡುವ ದಿನ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಅಪ್ಪನ ಒಬ್ಬಳೇ ತಂಗಿ ಊರಲ್ಲಿ ತಾನೂ ತುಂಬು ಬಸುರಿ, ವಿಮಾನ ಹತ್ತುವಂತಿರಲಿಲ್ಲ.

“ಅತ್ತಿ ಇಲ್ದ ಎಂಥಾ ತೊಟ್ಟಿಲೋ?”

“ನಾಹೀದ್ ಆಂಟಿ ಅದಾರಲ್ಲ!” ಎಂದೆ.

ಎದುರು ಫ್ಲ್ಯಾಟಿನ ಇರಾನಿ ಹೆಂಗಸು ಅವರು. ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಬೆಳೆದದ್ದೇ ಅವರ ಕೇಸರಿ ಅನ್ನದ ತಳ ಹಿಡಿದ ಗರಿಗರಿ ಸೀಕು ತಿಂದು. ಇರಾನಿನಲ್ಲಿ ಅವರ ಅಣ್ಣನಿಗೆ ಮೂರು ಮಕ್ಕಳು. ಒಂದರ ಮುಖವನ್ನೂ ಅವರು ನೋಡಿರಲಿಲ್ಲ. ನಮ್ಮ ಕೂಸಿಗೆ ಅತ್ತಿಯಾಗುತ್ತೀರಾ ಎಂದು ಕೇಳಿದಾಗ ಸೌಟು ಹಿಡಿದೇ ಕೂತುಬಿಟ್ಟರು.

ಹೆಸರನ್ನೂ ಅವರೇ ತಂದರು. ನಾನು ದುಭಾಷಿ.

“ಅಜ್ಜಿ, ಅನಾಹಿತಾ ಅಂದ್ರ ಅವರ ದೇಶದ ಭಾಳ ಹಳೇ ನೀರಿನ ದೇವಿಯಂತ. ಮೈಲಿಗಿ ಇಲ್ಲದಾಕಿ ಅಂತ ಅರ್ಥ. ಮಂದಿ ಬಾಯಾಗ ಸವದು ಸವದು ಅದೇ ನಾಹೀದ್ ಆಗೇದಂತ.”

“ನೀರಿನ ದೇವಿ ಅಂದ್ರ ನಮ್ಮ ಗಂಗವ್ವನ ಅಕ್ಕನ ಆದ್ಲಲ್ಲೋ! ಇಡಲಿ.”

ಆಂಟಿಗೆ ನಮ್ಮ ಶಾಸ್ತ್ರವನ್ನೆಲ್ಲ ತಿಳಿಸಿದ ನಾನು ಒಂದು ಮಾತನ್ನು ಮಾತ್ರ ನುಂಗಿದ್ದೆ. ಹೆಸರು ಹೇಳಿದ ಅತ್ತಿಯ ಬೆನ್ನಿಗೆ ಬಂದವರೆಲ್ಲ ಗುದ್ದುತ್ತಾರೆ. ಅದನ್ನು ಹೇಳಿದರೆ ಎಲ್ಲಿ ಒಲ್ಲೆ ಅಂದಾರೋ ಎಂಬ ಹೆದರಿಕೆ.

ಅಜ್ಜಿಯ ಇಳಕಲ್ ಸೀರೆ ಉಟ್ಟು ಅವರು ತೊಟ್ಟಿಲಿಗೆ ಬಗ್ಗಿದರು. “ಕುರ್ರ್... ಅನಾಹಿತಾ!” ದಬದಬ ಗುದ್ದು ಬಿದ್ದವು, ಎಲ್ಲರಿಗಿಂತ ಜೋರು ನಂದು. ಆಂಟಿ ಚೀರಿ ತಿರುಗಿದರು. ಇನ್ನು ಎದ್ದೇ ಹೋಗುತ್ತಾರೆ ಎಂದು ನನಗೆ ಅಳು ಬಂತು.

“ಸ್ವಂತ ಅತ್ತೆಗಷ್ಟೇ ಗುದ್ದುವುದು ಆಂಟಿ, ಬೇರೆಯವರಿಗಲ್ಲ,” ಎಂದು ಇಂಗ್ಲಿಷಿನಲ್ಲಿ ಬಿಕ್ಕಿದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಬೆನ್ನು ತಿರುಗಿಸಿ ಕೂತು, “ಹಾಗಾದರೆ ಇನ್ನೊಂದು,” ಅಂದರು. ಅಜ್ಜಿ ನಕ್ಕ ನಗೆಗೆ ಕೂಸು ಎದ್ದು ಅತ್ತಿತು.

ಮೊನ್ನೆ ನನ್ನ ಮಗಳಿಗೆ ಹೆಸರಿಟ್ಟೆವು. ಸೋದರತ್ತೆ ಅನಾಹಿತಾ ಕ್ಯಾನರಿ ವಾರ್ಫಿನ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದಳು. ಅವಳ ಆಫೀಸಿನ ಇರಾನಿ ಹುಡುಗಿಯರು ಹೆಸರು ಕೇಳಿ, ನಿಮ್ಮದು ಯಾವೂರು ಅನ್ನುತ್ತಾರಂತೆ. ಇವಳು ಠೀವಿಯಿಂದ ಧಾರವಾಡ ಅನ್ನುತ್ತಾಳಂತೆ. ತೊಟ್ಟಿಲಿಗೆ ಬಗ್ಗಿ, “ಕುರ್ರ್... ನಾಹೀದ್,” ಎಂದಳು.

ಗುದ್ದಿದೆವು, ನಕ್ಕೆವು. ಅಜ್ಜಿಯೂ ಇಲ್ಲ, ನಾಹೀದ್ ಅತ್ತಿಯೂ ತೀರಿಕೊಂಡು ಎರಡು ವರ್ಷವಾಯಿತು. ಮೊದಲ ಗುದ್ದಿಗೇ ತಂಗಿ, “ಸಾಕೋ ಅಣ್ಣಾ!” ಎಂದು ಕೂಗಿದಳು. ಇನ್ನೊಂದು ಎಂದು ಬೆನ್ನು ಕೊಟ್ಟವರು ಅವರೊಬ್ಬರೇ.