ಹಾಯಿಗೆ ಬಿದ್ದ ಕಪನೂರಿನ ಹೊಲಿಗೆ

ಹೋದ ತಿಂಗಳು ಕಮಲಾಪುರದಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ರಸ್ತೆ ಬದಿಯಲ್ಲಿ ಕೆಂಪು ಬಾಳೆಗೊನೆ ತುಂಬಿದ ಲಾರಿಯ ಮೇಲೆ ಡ್ರೈವರ್ ತಾಡಪತ್ರಿ ಹೊದಿಸುತ್ತಿದ್ದ. ಬಿಸಿಲಿಗೆ ಕಾದ ದಪ್ಪ ಬಟ್ಟೆಯಿಂದ ಮೇಣದ ವಾಸನೆ ಎದ್ದು ಬಂತು. ಈಗ ಅಂಥ ಬಟ್ಟೆ ಬಳಸುವವರೇ ಕಡಿಮೆ. ಕಾಕಾನ ಅಂಗಿಗೆ ಸದಾ ಅದೇ ವಾಸನೆ ಇರುತ್ತಿತ್ತು...

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಊರಂಚಿನ ಕಪನೂರಿನಲ್ಲಿ ಅವರದೊಂದು ತಗಡಿನ ಶೆಡ್ಡಿತ್ತು. ಅಲ್ಲಿ ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದರು. ಮಷಿನ್ ಇದ್ದರೂ ಅಂಚು, ಮೂಲೆಗಳನ್ನು ಕೈಯಿಂದಲೇ ಹೊಲಿಯಬೇಕು ಎನ್ನುವ ಹಟ. ಆಮೇಲೆ ಸಿದ್ಧ ಪ್ಲಾಸ್ಟಿಕ್ ಹಾಳೆಗಳು ಬಂದವು, ಡ್ರೈವರುಗಳು ಬರುವುದು ನಿಂತಿತು. ಒಂದು ದಿನ ಶೆಡ್ಡಿಗೆ ಕೀಲಿ ಹಾಕಿ ಬಂದು ಕಟ್ಟೆಯ ಮೇಲೆ ಕುಳಿತವರು ಮಾತೇ ಬಿಟ್ಟರು.

ನನಗೆ ಆಗ ಕಾರವಾರದಲ್ಲಿ ಬ್ಯಾಂಕಿನ ಮೊದಲ ನೌಕರಿ. ಅವರ ಹೆಂಡತಿ, ಕಾಕು, ಫೋನಿನಲ್ಲಿ ಅತ್ತರು. "ದಿನಾ ಗ್ವಾಡಿ ನೋಡ್ಕೋತ ಕುಂದರ್ತಾರ. ಏನರ ಮಾಡವಾ." ನಾನು ಇಬ್ಬರನ್ನೂ ಕಡಲು ತೋರಿಸುತ್ತೇನೆಂದು ಕರೆಸಿಕೊಂಡೆ.

ಭಾನುವಾರ ಬೆಳಿಗ್ಗೆ ಒಂದು ಹಾಯಿದೋಣಿ ಗೊತ್ತು ಮಾಡಿದೆ. ನಾಲ್ಕು ನಡುಗಡ್ಡೆ ಸುತ್ತಿಸಿ ಸಂಜೆಯೊಳಗೆ ದಡ ಮುಟ್ಟಿಸುವ ಮಾತು. ದೋಣಿ ನಡೆಸುವ ಅಜ್ಜ ಗಟ್ಟಿಮುಟ್ಟಾದ ಆಳು. ಕಾಕು ಹತ್ತಿದ ಗಳಿಗೆಯಿಂದ ಕಣ್ಣು ಮುಚ್ಚಿ ಹಲಗೆ ಹಿಡಿದು ಕುಳಿತರು. ಕಾಕಾ ಕೂಡ ನೀರಿನ ಕಡೆ ನೋಡಲೇ ಇಲ್ಲ. ಹಾಯಿಯ ತುದಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಅರಿವಿ ಸೋತದ" ಎಂದರು. ಆ ದಿನದ ಮೊದಲ ಮಾತು ಅದು.

ಎರಡನೆಯ ನಡುಗಡ್ಡೆ ದಾಟಿ ಮೂರನೆಯದರ ಹತ್ತಿರ ಬಂದಿದ್ದೆವು. ಒಮ್ಮೆಲೇ ಗಾಳಿ ಬೀಸಿತು. ಹಾಯಿ ಮೇಲಿನಿಂದ ಅರ್ಧದವರೆಗೆ ಚರ್ರೆಂದು ಹರಿಯಿತು. ಅಜ್ಜ ಹಿಂಬದಿಯ ಸಣ್ಣ ಎಂಜಿನ್ನಿನ ಹಗ್ಗ ಎಳೆದರು, ಮತ್ತೆ ಎಳೆದರು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ದೋಣಿ ಅಡ್ಡಡ್ಡ ತಿರುಗಿ ಬಂಡೆಗಳ ಕಡೆ ಸರಿಯತೊಡಗಿತು. ಬಂಡೆಗೆ ಬಡಿದ ನೊರೆ ನಮ್ಮ ಮುಖಕ್ಕೆ ಹಾರುತ್ತಿತ್ತು. ಅಜ್ಜ ಲಂಗರು ಎಸೆದರು. ಅದು ಕಚ್ಚಿಕೊಂಡಿತು.

"ಎಷ್ಟು ಹೊತ್ತು ಹಿಡೀತದೋ ಗೊತ್ತಿಲ್ಲ" ಎಂದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಸುತ್ತ ಇನ್ನೊಂದು ದೋಣಿಯೂ ಕಾಣಲಿಲ್ಲ. ಕರೆಸಿದವಳು ನಾನೇ ಅಲ್ಲವೇ...

ಕಾಕಾ ಎದ್ದು ನಿಂತರು. "ಹಾಯಿ ಇಳಸ್ರಿ ಅಜ್ಜಾರ. ಹೊಲೀತೀನಿ."

"ಅಲ್ಲಾ ಮಾರಾಯ್ರೆ, ಇದು ಗೋಣಿಚೀಲ ಅಲ್ಲ. ಗಾಳಿ ತುಂಬಿದ್ರೆ ಕಿತ್ತು ಹೋಗ್ತದೆ."

"ಎಂಬತ್ತರ ಸ್ಪೀಡಿನ್ಯಾಗ ಓಡೋ ಲಾರಿ ಮ್ಯಾಲ ಗಾಳಿ ಇರಂಗಿಲ್ಲೇನ್ರೀ? ಇಳಸ್ರಿ ಅಂದ್ರ ಇಳಸ್ರಿ."

ಅಷ್ಟು ದಿನ ಬಾಯಿ ಬಿಡದವರ ದನಿ ಅದು! ಅಜ್ಜ ಹಾಯಿ ಇಳಿಸಿದರು. ಕಾಕಾ ತಮ್ಮ ಕೈಚೀಲದಿಂದ ದಬ್ಬಣ, ಮೇಣ ತಿಕ್ಕಿದ ದಾರದುಂಡೆ ತೆಗೆದರು. ಶೆಡ್ಡು ಮುಚ್ಚಿದರೂ ಅವನ್ನು ಬಿಟ್ಟಿರಲಿಲ್ಲ. ಆಮೇಲೆ ಆ ಚೀಲವನ್ನೇ ಚಾಕುವಿನಿಂದ ಸೀಳಿದರು. ಶೆಡ್ಡಿನಲ್ಲಿ ಕೊನೆಗೆ ಉಳಿದ ತುಂಡಿನಿಂದ ಹೊಲಿದ ಚೀಲ ಅದು. ತೇಪೆಗೆ ಗಟ್ಟಿ ಬಟ್ಟೆ ಬೇಕಾಗಿತ್ತು.

"ಕಣ್ ತೆಗಿ, ಈ ಅಂಚು ಹಿಡಿ" ಎಂದು ಕಾಕುಗೆ ಹೇಳಿದರು. ಕಾಕು ಒಮ್ಮೆ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಅಂಚು ಹಿಡಿದರು. "ನಿನ್ನ ಚಪ್ಪಲಿ ಕೊಡವಾ" ಎಂದು ಕಾಕಾ ನನ್ನಿಂದ ಇಸಿದುಕೊಂಡು, ಅದರ ಅಟ್ಟೆಯಿಂದ ದಬ್ಬಣ ಒತ್ತುತ್ತ ಹೊಲಿಯತೊಡಗಿದರು. ದೋಣಿ ಹೊಯ್ದಾಡುತ್ತಿತ್ತು, ಲಂಗರಿನ ಹಗ್ಗ ಕಿರುಗುಟ್ಟುತ್ತಿತ್ತು. ಹೊಲಿಗೆ ಮಾತ್ರ ಕಪನೂರಿನ ನೆಲದ ಮೇಲೆ ಕುಳಿತು ಹಾಕಿದಷ್ಟು ನೇರ. ಮೊದಲು ಒಂದು ಸಾಲು, ಅದರ ಪಕ್ಕಕ್ಕೇ ಇನ್ನೊಂದು. ಕಡೆಗೆ ಗಂಟು ಹಾಕಿ ದಾರ ಹಲ್ಲಿನಿಂದ ಕಡಿದು, "ಏರಸ್ರಿ" ಎಂದರು.

ಹಾಯಿ ಏರಿತು, ಅಜ್ಜ ಲಂಗರು ಎತ್ತಿದರು. ಗಾಳಿ ತುಂಬಿತು. ನಾವು ನಾಲ್ವರೂ ತೇಪೆಯನ್ನೇ ನೋಡುತ್ತಿದ್ದೆವು. ದಾರ ಬಿಗಿಯಾಯಿತು, ಬಟ್ಟೆ ಉಬ್ಬಿತು... ಒಂದು ಎಳೆಯೂ ಸಡಿಲಲಿಲ್ಲ. ದೋಣಿ ಬಂಡೆಗಳಿಗೆ ಬೆನ್ನು ಹಾಕಿ ಓಡಿತು. ಅಜ್ಜ ದಡದ ಕಡೆ ತಿರುಗಿಸಲು ಹೋದಾಗ ಕಾಕಾ ತಡೆದರು.

"ಇನ್ನ ಎರಡು ನಡುಗಡ್ಡಿ ಉಳದಾವಲ್ರೀ? ಅರ್ಧಕ್ಕ ಯಾಕ ಬಿಡೋದು? ತೋರಸ್ರಿ."

ಅಜ್ಜ ಜೋರಾಗಿ ನಕ್ಕರು. ಮೂರನೆಯದನ್ನು ಸುತ್ತಿ, ನಾಲ್ಕನೆಯದನ್ನೂ ಸುತ್ತಿದೆವು. ಕಾಕಾ ಮುಂಭಾಗದಲ್ಲಿ ನಿಂತು, ಧೋತ್ರ ಪಟಪಟ ಬಡಿಯುತ್ತಿರಲು, ಮೊದಲ ಬಾರಿಗೆ ಕಡಲನ್ನು ಕಣ್ತುಂಬ ನೋಡಿದರು. "ಇಷ್ಟು ನೀರು ಯಾರಿಗಿ ಬೇಕಾಗಿತ್ತಽ!" ಎಂದು ಕೂಗಿದರು. ಕಾಕು ಕೂಡ ನಕ್ಕರು. ದಡದಲ್ಲಿ ಅಜ್ಜ ಹೊಲಿಗೆಯ ಮೇಲೆ ಕೈಯಾಡಿಸಿ, "ಈ ಹಾಯಿ ನಾನು ಬದಲು ಮಾಡುದಿಲ್ಲ" ಎಂದರು.

ಊರಿಗೆ ಮರಳಿದ ವಾರಕ್ಕೇ ಕಾಕಾ ಶೆಡ್ಡಿನ ಕೀಲಿ ತೆಗೆದರು. ಲಾರಿಯವರೇನೂ ಓಡಿ ಬರಲಿಲ್ಲ. ಪೆಂಡಾಲಿನ ಬಟ್ಟೆ, ಶಾಲೆಯ ಚೀಲ, ಏನು ಬಂದರೂ ಹೊಲಿದರು. ಕಡೆಯವರೆಗೂ ಹೊಲಿದರು.

ಅವರು ಹೋಗಿ ಎರಡು ವರ್ಷವಾಯಿತು. ಮನೆಗೆ ಯಾರೇ ಬರಲಿ, ಕಾಕು ಆ ದಿನದ ಕಥೆ ಹೇಳುತ್ತಾರೆ. ಅವರ ಬಾಯಲ್ಲಿ ಅಲೆಗಳು ಗುಡಿಯ ಶಿಖರ ಮುಟ್ಟುತ್ತವೆ, ನಾಲ್ಕು ನಡುಗಡ್ಡೆ ಏಳಾಗಿವೆ. ಮೊದಲಾದರೆ ಕಥೆ ಈ ಜಾಗಕ್ಕೆ ಬಂದಾಗ ಕಟ್ಟೆಯಿಂದ ಕಾಕಾ ಗದರುತ್ತಿದ್ದರು: "ಏ, ಒಂದ್ ಅರಿವಿ ಹರದಿತ್ತು, ಹೊಲದೆ. ಅಷ್ಟಕ್ಕ ಇಷ್ಟ್ಯಾಕ?"

ಮೊನ್ನೆಯೂ ಕಾಕು ಏಳು ನಡುಗಡ್ಡೆ ಎಂದರು. ಎಂದವರು ಖಾಲಿ ಕಟ್ಟೆಯ ಕಡೆ ಕಿವಿಗೊಟ್ಟರು. ಆಮೇಲೆ ದನಿ ಎತ್ತರಿಸಿ ಕಥೆ ಮುಂದುವರಿಸಿದರು.