ಅವ್ವನ ಹೆಸರಿಗೆ ಮಗಳ ಮುಖ

ನಾನು ಮಾನವ ಸಂಪನ್ಮೂಲ ನಿರ್ವಹಣೆ ಕಲಿಸುವವನು. ನೌಕರರನ್ನು ಹೇಗೆ ಆರಿಸಬೇಕು, ಹೇಗೆ ಉಳಿಸಿಕೊಳ್ಳಬೇಕು, ಅವರ ಮನಸ್ಸನ್ನು ಹೇಗೆ ಗೆಲ್ಲಬೇಕು ಎಂದು ಎಂಬಿಎ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನನ್ನು ಮಾತ್ರ ಪ್ರತಿ ಬೇಸಿಗೆಗೆ ಮನೆಗೆ ಕಳಿಸಿ, ಮಳೆ ಬಿದ್ದ ಮೇಲೆ ಮತ್ತೆ ಕರೆಯುತ್ತಾರೆ. ಅತಿಥಿ ಉಪನ್ಯಾಸಕ ಎಂದು ಹೆಸರು. ತಲೆ ನೆರೆಯುವ ತನಕ ಒಂದೇ ಮನೆಯಲ್ಲಿ ಅತಿಥಿಯಾಗಿ ಕೂತವನನ್ನು ನಮ್ಮ ಊರಲ್ಲಿ ಏನು ಅನ್ನುತ್ತಾರೋ ಅದನ್ನು ಇಲ್ಲಿ ಬರೆಯುವುದು ಬೇಡ. ಇದು ನನ್ನ ಕತೆಯಲ್ಲ, ವಡ್ಡು ಗ್ರಾಮದ ರೇಣುಕಾದೇವಿಯದು.

ರೇಣುಕಾ ನಮ್ಮ ಎಂಬಿಎ ಎರಡನೇ ವರ್ಷದ ಹುಡುಗಿ. ಕಿಟಕಿಯ ಪಕ್ಕ ಕೂರುತ್ತಿದ್ದಳು. ಕೆಲವು ದಿನ ಅವಳ ಕೈ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಅವಳ ತಾಯಿ ದುರ್ಗಕ್ಕ ಹತ್ತಿರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಕಸ ಗುಡಿಸುವ, ಸಂಡಾಸು ತೊಳೆಯುವ ಕೆಲಸದವಳು. ಅಪ್ಪ ಇಲ್ಲ. ಮಗಳ ಓದು, ಮನೆಯ ಒಲೆ, ಎರಡೂ ಆ ಪೊರಕೆಯ ಮೇಲೆಯೇ ನಿಂತಿದ್ದವು.

ಇಲ್ಲಿ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಹೊಲದ ಕೆಲಸಕ್ಕೆ ಕರೆದಾಗ ಮನೆಗೊಂದು ಆಳು ಎನ್ನುತ್ತಾರೆ. ಅತ್ತೆಗೆ ಜ್ವರ ಬಂದರೆ ಸೊಸೆ ಹೋಗುತ್ತಾಳೆ, ಅವ್ವನಿಗೆ ಸೊಂಟ ಹಿಡಿದರೆ ಮಗಳು. ಬದಲಿ ಆಳು. ಕಳೆ ಕಿತ್ತರೆ ಸಾಕು, ಕೈ ಯಾರದು ಎಂದು ಗೌಡನೂ ಕೇಳುವುದಿಲ್ಲ. ವಡ್ಡಿನ ಹೆಂಗಸರು ಹೊಲ ಬಿಟ್ಟು ಕಾರ್ಖಾನೆಗೆ ಹೋಗುವಾಗ ಬುತ್ತಿಯ ಜೊತೆಗೆ ಈ ಪದ್ಧತಿಯನ್ನೂ ಕಟ್ಟಿಕೊಂಡು ಹೋದರು. ರೇಣುಕಾ ಕಾಲೇಜಿಗೆ ರಜೆ ಬಿದ್ದಾಗಲೆಲ್ಲ ಅವ್ವನ ಸೀರೆ ಉಟ್ಟು, ಅವ್ವನ ಪಾಸು ಕೊರಳಿಗೆ ಹಾಕಿಕೊಂಡು, ಅವ್ವನ ಸಂಡಾಸುಗಳನ್ನು ತೊಳೆದು ಬಂದವಳು. ಇದರಲ್ಲಿ ಮೋಸವಿದೆ ಎಂದು ಆ ಊರಿನಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ.

ಹಾಗೆ ಬದಲಿ ಹೋಗಿದ್ದ ಒಂದು ದಿನ ಕಾರ್ಖಾನೆಯವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮುಖದ ಫೋಟೊ ತೆಗೆದರು. ಇನ್ನು ಮುಂದೆ ಹಾಜರಿ ಮುಖ ನೋಡಿಯೇ ಎಂದರು. ದುರ್ಗಕ್ಕ ಚಿಕೂನ್‌ಗುನ್ಯಾದಲ್ಲಿ ಕೈಕಾಲು ಮಡಚಲಾರದೆ ಮಲಗಿದ್ದಳು. ಮೇಸ್ತ್ರಿ ಗಾದಿಲಿಂಗ, ಗಾದಿಗನೂರಿನವನು, ದುರ್ಗಕ್ಕನಿಗೆ ದೂರದ ತಮ್ಮ, ಅವನೇ ಹೇಳಿದ: "ಹೆಸರು ಬಿಟ್ಟು ಹೋದ್ರ ಮತ್ತ ಸೇರ್ಸಾಕ ಭಾಳ ಕಷ್ಟ ಐತಿ. ಸುಮ್ನ ನಿಂದ್ರು ಹೋಗವ್ವ." ರೇಣುಕಾ ತಲೆ ಮೇಲೆ ಸೆರಗು ಎಳೆದುಕೊಂಡು ನಿಂತಳು. ಫೋಟೊ ತೆಗೆದರು. ಆಮೇಲೆ ಆ ಮುಖ ನೋಡುವ ಮಷೀನು ಡಬ್ಬಿಯಿಂದ ಹೊರಗೆ ಬರಲೇ ಇಲ್ಲ. ಎಲ್ಲರೂ ಮರೆತರು.

ಎರಡನೇ ವರ್ಷದಲ್ಲಿ ವಿದ್ಯಾರ್ಥಿಗಳು ಯಾವುದಾದರೂ ಕಂಪನಿಯಲ್ಲಿ ತರಬೇತಿ ಪಡೆಯಬೇಕು. ಸ್ಥಿತಿವಂತರ ಮಕ್ಕಳು ಬೆಂಗಳೂರು, ಹೈದರಾಬಾದು ಎಂದು ಹೋದರು. ರೇಣುಕಾಗೆ ಅವ್ವನ ಗುತ್ತಿಗೆದಾರನ ಕಚೇರಿಯೇ ಸಿಕ್ಕಿತು. ಅಲ್ಲಿಯ ಮ್ಯಾನೇಜರ್ ಮುರುಗೇಶ್ ಕೆಟ್ಟವನಲ್ಲ. ನಿಯಮ ಎಂದರೆ ಅವನಿಗೆ ದೇವರು, ಅಷ್ಟೇ. ಅವನು ಅವಳಿಗೆ ಒಪ್ಪಿಸಿದ ಮೊದಲ ಕೆಲಸ, ಆ ಮಷೀನನ್ನು ಡಬ್ಬಿಯಿಂದ ತೆಗೆಸಿ ಗೇಟಿನ ಪಕ್ಕದ ಶೆಡ್ಡಿನಲ್ಲಿ ಹಚ್ಚಿಸುವುದು. "ಒಂದೇ ದಾಖಲೆ, ರೇಣುಕಾ. ಈ ಕಾರ್ಖಾನೆಗೆ ಯಾವ ಬಾಗಿಲಿಂದ ಬಂದರೂ ಮುಖ ಗುರುತು ಸಿಗಬೇಕು. ಇನ್ನು ಬದಲಿಗಿದಲಿ ನಡೆಯೋದಿಲ್ಲ" ಎಂದು ಹೆಮ್ಮೆಯಿಂದ ಹೇಳಿದನಂತೆ.

ಅದರ ಹಿಂದಿನ ವಾರ ಅವಳು ತರಗತಿಯಲ್ಲಿ ಎದ್ದು ನಿಂತು ಕೇಳಿದ್ದಳು: "ಸರ್, ಒಬ್ಬಾಕಿಗೆ ಬರಾಕ ಆಗದ, ಅಕಿ ಮಗಳು ಬಂದು ಕೆಲಸ ಪೂರಾ ಮಾಡಿ ಹೋದ್ರ, ಅದು ಹಾಜರೋ ಗೈರೋ?"

"ಅದು ದುರ್ನಡತೆ. ವಿಚಾರಣೆ ಮಾಡಿ ತಾಯಿಯನ್ನೂ ಒಳಗೆ ಬಿಟ್ಟ ಮೇಸ್ತ್ರಿಯನ್ನೂ ತೆಗೆಯಬಹುದು" ಎಂದೆ. ಪುಸ್ತಕದಲ್ಲಿ ಹಾಗೇ ಇದೆ.

"ಕೆಲಸ ಏನೂ ನಿಂದ್ರಲಿಲ್ಲಲ್ರೀ ಸರ್."

"ಕೆಲಸದ ಮಾತಲ್ಲಮ್ಮ, ಶಿಸ್ತಿನ ಮಾತು." ಅವಳು ಕೂತಳು. ನಾನು ಮುಂದಿನ ಪುಟ ತಿರುವಿದೆ.

ಮಷೀನು ಶುರುವಾದ ದಿನ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಹೆಂಗಸರು ಒಬ್ಬೊಬ್ಬರೇ ಮುಂದೆ ನಿಲ್ಲುತ್ತಿದ್ದರು, ಹಸಿರು ದೀಪ ಹತ್ತುತ್ತಿತ್ತು, ಹೆಸರು ಹೇಳಿ ಧನ್ಯವಾದ ಅನ್ನುತ್ತಿತ್ತು. ಜೀವಮಾನದಲ್ಲಿ ಆ ಗೇಟಿನಲ್ಲಿ ಯಾರೂ ಅವರಿಗೆ ಧನ್ಯವಾದ ಹೇಳಿರಲಿಲ್ಲ, ಹಾಗಾಗಿ ನಗುವೋ ನಗು. ದುರ್ಗಕ್ಕ ನಿಂತಳು. ಕೆಂಪು ದೀಪ. ಸೆರಗಿನಿಂದ ಮುಖ ಒರೆಸಿಕೊಂಡಳು, ಮಷೀನನ್ನೂ ಒರೆಸಿದಳು. ಮತ್ತೆ ಕೆಂಪು. "ನಿನ್ನ ಮಾರಿ ನೋಡಿ ಹೆದರಿಕೊಂತು ಬಿಡೇ ದುರ್ಗಿ" ಎಂದು ಜೊತೆಯ ಸುಂಕಮ್ಮ ಚಾಷ್ಟಿ ಮಾಡಿದಳು. ಏನಾಯಿತು ನೋಡೋಣವೆಂದು ರೇಣುಕಾ ಪೆನ್ನು ಹಿಡಿದುಕೊಂಡೇ ಬಗ್ಗಿದಳು.

ಹಸಿರು ದೀಪ ಹತ್ತಿತು. "ದುರ್ಗಕ್ಕ, ಧನ್ಯವಾದಗಳು" ಎಂದಿತು ಮಷೀನು.

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಗಾದಿಲಿಂಗನ ಮುಖ ಸುಣ್ಣವಾಯಿತು. ಅಂದು ಫೋಟೊಗೆ ರೇಣುಕಾಳನ್ನು ನಿಲ್ಲಿಸಿದವನು ಅವನೇ. "ಇವತ್ತೊಂದಿನ ಹಿಂಗ ಹೋಗ್ಲಿ. ನಾಳೆ ನೋಡೋಣು" ಎಂದ. ದುರ್ಗಕ್ಕ ಮಗಳ ಮುಖದ ಮೇಲೆ ಒಳಗೆ ಹೋದಳು.

ಆ ನಾಳೆ ಬರಲೇ ಇಲ್ಲ. ದುರ್ಗಕ್ಕನ ಪಾಳಿ ಯಾವುದೋ ರೇಣುಕಾಳ ಪಾಳಿಯೂ ಅದೇ ಆಯಿತು. ಹೋಗುವಾಗೊಮ್ಮೆ, ಬರುವಾಗೊಮ್ಮೆ ಮುಖ ಕೊಡಬೇಕು. ಅವಳ ಬದಲು ಅವಳ ಫೋಟೊ ತೋರಿಸಿ ನೋಡಿದರಂತೆ, ಮಷೀನು ಕಣ್ಣು ಮಿಟುಕಿಸು ಎಂದು ಕೇಳಿತಂತೆ. ತರಬೇತಿ ಮುಗಿದ ಮೇಲೂ ಅವಳು ಬುತ್ತಿ ಕೊಡುವ ನೆಪ ಹೂಡಿ ಆ ಶೆಡ್ಡಿಗೆ ಹೋಗುತ್ತಿದ್ದಳು. ಗಾದಿಲಿಂಗ ಅಡ್ಡ ನಿಲ್ಲುತ್ತಿದ್ದ, ಸುಂಕಮ್ಮ ಸುತ್ತಲಿನವರನ್ನು ಮಾತಿಗೆ ಎಳೆಯುತ್ತಿದ್ದಳು.

ಅವಳು ಇದನ್ನೆಲ್ಲ ನನಗೆ ಹೇಳಿದ್ದು ಪ್ರಾಜೆಕ್ಟ್ ವರದಿಗೆ ಸಹಿ ಹಾಕಿಸಲು ಬಂದಾಗ. ಹೊಸಪೇಟೆಯ ದೊಡ್ಡ ಹೋಟೆಲೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು, ಬಿಟ್ಟೆ ಎಂದಳು. ಯಾಕೆ ಎಂದು ನಾನು ರೇಗಿದೆ. ಆಗ ಬಾಯಿಬಿಟ್ಟಳು.

"ಮ್ಯಾನೇಜರಿಗೆ ನಿಜ ಹೇಳಿಬಿಡು" ಎಂದೆ.

"ಕೇಳೀನ್ರಿ ಸರ್. ಹೆಸರು ಹೇಳದ, ಯಾರದರ ಫೋಟೊ ತಪ್ಪಿದ್ರ ತಿದ್ದಬಹುದೇನ್ರಿ ಅಂತ. ಯಾಕ ತಿದ್ದಬಾರ್ದು, ತನಿಖೆ ಮಾಡಿ ತಿದ್ದೋಣ, ಆ ಮುಖ ಯಾರದು ಅಂತ ಮೊದಲು ಪತ್ತೆ ಆಗ್ಬೇಕು ಅಂದ್ರು. ಪತ್ತೆ ಆದ್ರ ಅವ್ವ ಹೋಗ್ತಾಳ, ಗಾದಿಲಿಂಗ ಮಾಮ ಹೋಗ್ತಾನ. ಆಮೇಲೆ ಯಾರ್‍ಯಾರು ಬದ್ಲಿ ಬಂದಾರ ಅಂತ ಕೆದಕಿದ್ರ ಓಣಿಗೆ ಓಣಿನ ಹೋಗ್ತೈತಿ."

"ಹಾಗಾದರೆ ನಿಮ್ಮವ್ವನಿಗೆ ಕೆಲಸ ಬಿಡಿಸು."

"ಅವ್ವನೂ ಅದ ಅಂದ್ಲು. ನನ್ನ ಸಲುವಾಗಿ ನಿನ್ನ ಬಾಳೇವು ಹಾಳಾಗೋದು ಬ್ಯಾಡ, ಬಿಡ್ತೀನಿ ಅಂತ ಅತ್ಲು. ಆದ್ರ ಪಿಎಫ್ ರೊಕ್ಕ ತಗೊಂಡು ಬಿಡಬೇಕಂದ್ರೂ ಹೆಡ್ ಆಫೀಸಿಗೆ ಹೋಗಿ ಮಷೀನ್ ಮುಂದ ನಿಂದ್ರಬೇಕ್ರಿ. ಅಲ್ಲಿ ಅಡ್ಡ ನಿಂದ್ರಾಕ ಗಾದಿಲಿಂಗ ಮಾಮ ಇರಂಗಿಲ್ಲ."

ಅತ್ತ ದರಿ, ಇತ್ತ ಹುಲಿ. ನನ್ನ ಕಪಾಟಿನಲ್ಲಿ ಸಂಘರ್ಷ ನಿವಾರಣೆಯ ಮೇಲೆ ಇಟ್ಟಿಗೆ ದಪ್ಪದ ಪುಸ್ತಕಗಳಿವೆ. ಒಂದರಲ್ಲೂ ಈ ಹುಡುಗಿಗೆ ಒಂದು ಸಾಲು ಇರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ವರದಿಗೆ ಸಹಿ ಹಾಕಿ ಕೊಟ್ಟೆ. ವಿಷಯ: ಗುತ್ತಿಗೆ ನೌಕರರ ಹಾಜರಾತಿ ಸುಧಾರಣೆ. ತರಗತಿಗೇ ಹೆಚ್ಚು ಅಂಕ ಅದಕ್ಕೆ ಬಂತು.

ಪರೀಕ್ಷೆ ಮುಗಿದ ಮೇಲೆ ಕಾರ್ಖಾನೆಯವರೇ ಕ್ಯಾಂಪಸ್ ಸಂದರ್ಶನಕ್ಕೆ ಬಂದರು. ಗುತ್ತಿಗೆದಾರರಲ್ಲ, ಸಾಕ್ಷಾತ್ ಕಾರ್ಖಾನೆಯೇ. ಕಾಯಂ ಕೆಲಸ, ಮಾನವ ಸಂಪನ್ಮೂಲ ವಿಭಾಗದಲ್ಲಿ. ರೇಣುಕಾ ಬರುವುದಿಲ್ಲ ಎಂದಳು. ನಾನೇ ಒತ್ತಾಯ ಮಾಡಿದೆ: "ಒಳಗೆ ಹೋಗಿ ಆ ಕುರ್ಚಿಯಲ್ಲಿ ಕೂತರೆ ದಾಖಲೆ ನಿನ್ನ ಕೈಯಲ್ಲೇ ಇರುತ್ತದಲ್ಲೇ ಹುಚ್ಚಿ, ನೀನೇ ತಿದ್ದಬಹುದು." ಆ ಮಾತಿಗೆ ಅವಳ ಕಣ್ಣು ಹೊಳೆದವು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನೋಡಿದೆ.

ಸಂದರ್ಶನದ ದಿನ ಇಸ್ತ್ರಿ ಮಾಡಿದ ನೀಲಿ ಚೂಡಿದಾರ ಹಾಕಿಕೊಂಡು, ಅಂಕಪಟ್ಟಿಗಳ ಫೈಲು ಎದೆಗೊತ್ತಿಕೊಂಡು ಬಂದಳು. ಅವ್ವನಿಗೆ ಆ ವಾರ ಮಧ್ಯಾಹ್ನದ ಪಾಳಿ. ಅಷ್ಟರಲ್ಲಿ ಮುಗಿಯುತ್ತದೆ ಎಂದು ಲೆಕ್ಕ. ಕಾರ್ಖಾನೆಯಿಂದ ಬಂದ ಅಧಿಕಾರಿ ಸ್ನೇಹಾ ಎಂಬ ಚುರುಕು ಹೆಣ್ಣುಮಗಳು, ರೇಣುಕಾಗಿಂತ ಸ್ವಲ್ಪ ದೊಡ್ಡವಳು. "ಅರ್ಜಿ ಗಿರ್ಜಿ ಏನೂ ಬೇಡ ಸರ್, ಒಬ್ಬೊಬ್ಬರೇ ಇದರ ಮುಂದೆ ನಿಂತರೆ ಸಾಕು" ಎಂದು ಮೇಜಿನ ಮೇಲೆ ಒಂದು ಟ್ಯಾಬ್ ಇಟ್ಟಳು.

ಯಾವ ಬಾಗಿಲಿಂದ ಬಂದರೂ ಒಂದೇ ದಾಖಲೆ ಎಂದ ಮುರುಗೇಶನ ಮಾತು ನನಗೆ ಆಗ ನೆನಪಾಯಿತು. ರೇಣುಕಾ ಸಾಲಿನಲ್ಲಿ ಎರಡನೆಯವಳು. ಕಣ್ಸನ್ನೆ ಮಾಡುವಷ್ಟರಲ್ಲಿ ಮೊದಲನೆಯವನು ಸರಿದಿದ್ದ. ಅವಳು ತಲೆ ತಗ್ಗಿಸಿದಳು. "ಮೇಲೆ ನೋಡಿ" ಎಂದಳು ಸ್ನೇಹಾ, ಟ್ಯಾಬನ್ನು ಅವಳ ಮುಖದ ಹತ್ತಿರಕ್ಕೇ ಹಿಡಿದಳು.

"ದುರ್ಗಕ್ಕ, ಧನ್ಯವಾದಗಳು."

ಸಭಾಂಗಣದಲ್ಲಿ ನಗು ಎದ್ದಿತು. ಸ್ನೇಹಾ ಹುಬ್ಬು ಗಂಟಿಕ್ಕಿ ಪರದೆ ನೋಡಿದಳು. ಸೆರಗು ಹೊದ್ದ ಮುಖ, ಪಕ್ಕದಲ್ಲಿ ಸ್ವಚ್ಛತಾ ವಿಭಾಗ ಎಂದು. "ಇದೇನಿದು? ನೀವು ಈಗಾಗಲೇ ನಮ್ಮಲ್ಲಿದ್ದೀರಾ? ಅಥವಾ ನಿಮ್ಮ ಮುಖ ಇಟ್ಟುಕೊಂಡು ಇನ್ಯಾರೋ ಕೆಲಸ ಮಾಡ್ತಿದ್ದಾರಾ?"

ಆ ಕೊನೆಯ ಪ್ರಶ್ನೆ ಬಿದ್ದ ಕೂಡಲೇ ರೇಣುಕಾಳ ಬೆನ್ನು ನೆಟ್ಟಗಾಯಿತು. ಚೂಡಿದಾರದ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಳು.

"ನಾನ ರೀ ಮೇಡಂ ದುರ್ಗಕ್ಕ. ಕಸ ಗುಡ್ಸಾಕಿ. ರೇಣುಕಾದೇವಿ ಬಂದಿಲ್ರಿ. ಅಕಿ ಬದ್ಲಿ ಸಾಲಿನಾಗ ನಿಂತಿದ್ದೆ, ತಪ್ಪಾತ್ರಿ."

ನಗುತ್ತಿದ್ದ ಹುಡುಗರು ಬಾಯಿ ಮುಚ್ಚಿಕೊಂಡರು. ಎರಡು ವರ್ಷ ಜೊತೆಗೆ ಓದಿದವರು, ಒಬ್ಬರೂ ಉಸಿರು ಬಿಡಲಿಲ್ಲ. ಅವರ ಮನೆಗಳೂ ಈ ಕಡೆಯವೇ.

"ಕೆಲಸದ ಹೊತ್ತಿನಲ್ಲಿ ಇಲ್ಲೇನು ಮಾಡ್ತಿದ್ದೀರಮ್ಮ?"

"ಎರಡನೇ ಪಾಳಿ ರೀ. ಈಗ ಹೊಂಟೆ."

ಸ್ನೇಹಾ ನನ್ನ ಕಡೆ ತಿರುಗಿದಳು. "ಸರ್, ಇವರು ನಿಮ್ಮ ವಿದ್ಯಾರ್ಥಿನಿ ಅಲ್ಲ ತಾನೆ?"

ರೇಣುಕಾ ನನ್ನನ್ನು ನೋಡಿದಳು.

"ಅಲ್ಲ" ಎಂದೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದೆ.

ಅವಳು ಬಾಗಿಲ ತನಕ ಹೋದವಳು ತಿರುಗಿ ಬಂದು, ಎದೆಗೊತ್ತಿಕೊಂಡಿದ್ದ ಫೈಲನ್ನು ನನ್ನ ಕೈಗೆ ಕೊಟ್ಟಳು.

"ಸರ್, ಇದು ರೇಣುಕಾದೇವಿದು. ಅಕಿ ಬಂದ್ರ ಕೊಡ್ರಿ."

ಗೇಟಿನ ಹತ್ತಿರ ಅವ್ವ ಕಾಯುತ್ತಿರುತ್ತಾಳೆಂದು ಜಲ್ದಿ ಜಲ್ದಿ ಬಸ್ಸಿಗೆ ನಡೆದಳು.