ಕದಿರಮ್ಮನ ಮೊದಲ ಸೇರು

ತೂಬಗೆರೆ ರಸ್ತೆಯ ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷ ರಾಗಿ ಅಳೆದವಳು ಕದಿರಮ್ಮ. ಕೈ ಸೇರು ತುಂಬುತ್ತಿದ್ದರೆ ಬಾಯಿ ಗಿರಾಕಿಯ ಮಗಳ ಬಾಣಂತನ, ಎಮ್ಮೆ ಕರು, ಸೊಸೆಯ ಸಿಟ್ಟು ಎಲ್ಲವನ್ನೂ ವಿಚಾರಿಸುತ್ತಿತ್ತು. ಎಣಿಕೆ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಗಿರಾಕಿಗೇ ಒಂದು ಸೇರು ಹೆಚ್ಚು. ನನ್ನ ಕಡೆಗೆ ಒಮ್ಮೆಯೂ ತಪ್ಪಲಿಲ್ಲ.

ಅವಳ ಮೊಮ್ಮಗಳು ವಾಣಿಶ್ರೀಗೆ ಮಾತು ಬಂದ ಮೇಲೆ ನಾನು ಉಳಿದುಕೊಂಡೆ. ಚೀಲಕ್ಕೊರಗಿ ಕೂತ ಮಗು, ಅಜ್ಜಿ ಮಾತಿನಲ್ಲಿ ಮೈಮರೆತ ಕಡೆ, "ಎಂಟಾಯ್ತು ಕಣಜ್ಜಿ" ಎನ್ನುತ್ತಿತ್ತು.

"ನಿನ್ನ ಯಾರೇ ಕೇಳಿದ್ರು, ಮಳ್ಳಿ!" ಎನ್ನುತ್ತಲೇ ಅಜ್ಜಿ ಒಂಬತ್ತನೆಯದನ್ನು ತುಂಬುವಳು. ತಾನು ಪಾಠ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

ತೊಂಬತ್ತೊಂದರ ಜೂನ್‌ನಲ್ಲಿ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೊರಟಳು. ವಯಸ್ಸು ಸ್ವಲ್ಪ ಸಾಲದು. ಎಣಿಸಲು ಬಂದರೆ ನೋಡೋಣ ಎಂದಿದ್ದರು ನರಸಿಂಹಯ್ಯ ಮೇಷ್ಟ್ರು. ಚಿಕ್ಕಂದಿನಲ್ಲಿ ಬರುವ ವರ್ಷ ಸೇರಿಸೋಣ ಎನ್ನುತ್ತಲೇ ತನ್ನನ್ನು ಮನೆಯಲ್ಲಿ ಉಳಿಸಿದ್ದನ್ನು ಕದಿರಮ್ಮ ಮರೆತಿರಲಿಲ್ಲ. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು.

"ಎಣಿಸಮ್ಮ," ಎಂದರು ಮೇಷ್ಟ್ರು.

"ಲಾಭ, ಎರಡು, ಮೂರು..."

"ನಿಲ್ಸು. ಒಂದೆಲ್ಲಿ ಹೋಯ್ತು?"

ಮಗು ಅಜ್ಜಿಯ ಮುಖ ನೋಡಿತು. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮಗು ಕೇಳಿದ್ದು ಅದನ್ನೇ.

"ಒಂದೇ ಬರಲ್ವಲ್ಲ. ಬರೋ ವರ್ಷ ಕರ್ಕೊಂಬಾ," ಎಂದು ಮೇಷ್ಟ್ರು ರಿಜಿಸ್ಟರ್ ಮುಚ್ಚಿದರು.

"ತಪ್ಪು ಮಗೀದಲ್ಲ ಸಾಮಿ, ನಂದು," ಎಂದಳು ಕದಿರಮ್ಮ.

ನಾನು ಬಾಯಿ ಹಾಕಿದೆ. "ಮೇಷ್ಟ್ರೇ, ಆ ಡಬ್ಬಿಗೆ ಸೀಮೆಸುಣ್ಣ ಒಂದೊಂದೇ ಹಾಕ್ತಾ ಹೋಗಿ. ಕದಿರಮ್ಮ, ನೀನು ಮೇಷ್ಟ್ರನ್ನ ಮಾತಾಡ್ಸು."

"ಮಂಡಿನೋವು ಹೆಂಗದೆ ಸಾಮಿ? ಅಮ್ಮಾವ್ರು ತವರಿಂದ ಬಂದ್ರಾ?"

ಮೇಷ್ಟ್ರಿಗೆ ಮಂಡಿಯ ಕಥೆ ದೊಡ್ಡದಿತ್ತು. ಹೇಳುತ್ತ, ಹಾಕುತ್ತ, ಕೊನೆಗೆ ಕೈ ನಿಲ್ಲಿಸಿದರು.

"ಎಷ್ಟಾಯ್ತಮ್ಮ?" ಎಂದು ನಾನು ಮಗುವನ್ನು ಕೇಳಿದೆ.

"ಹದಿನಾಕು. ಒಂದು ಕೆಳಗ್ ಬಿತ್ತು ಸಾ."

ಮೇಷ್ಟ್ರು ಡಬ್ಬಿ ಸುರಿದು ಎಣಿಸಿದರು: ಹದಿಮೂರು. ಮೇಜಿನ ಕೆಳಗೆ ಬಗ್ಗಿ ಇನ್ನೊಂದನ್ನು ಹೆಕ್ಕಿದರು. "ಎಲಾ ಇವ್ಳಾ! ಬಂತಲ್ಲ ಒಂದು!"

ರಿಜಿಸ್ಟರ್ ಮತ್ತೆ ತೆರೆಯಿತು. "ಹುಟ್ಟಿದ ತಾರೀಖು?"

"ಹುರುಳಿ ಬಿತ್ತೋ ಕಾಲ ಸಾಮಿ, ಗೌರಿ ಹಬ್ಬದ ಆಸುಪಾಸು."

ಮೇಷ್ಟ್ರು ಬೆರಳು ಮಡಚಿ ವಯಸ್ಸಿನ ಲೆಕ್ಕ ಹಾಕಿ ಜೂನ್ ಒಂದು ಎಂದು ಬರೆದರು. ಮೊಮ್ಮಗಳು ಮೂರು ತಿಂಗಳು ಮುಂಚೆಯೇ ಹುಟ್ಟಿಬಿಟ್ಟಿದ್ದಕ್ಕೆ ಕದಿರಮ್ಮ ಅವರಿಗೆ ಕೈಮುಗಿದಳು.